ಡ್ಯೂಟಿ ರೂಮಿನ ನಗು

ಮೇ 12ರ ದಾದಿಯರ ದಿನದಂದು ದೀಪ ಹಚ್ಚಿ, ನೈಟಿಂಗೇಲ್ ಪ್ರತಿಜ್ಞೆ ಓದಿಸಿ, ತ್ಯಾಗ, ಸೇವೆ, ಕರುಣೆ ಎಂದು ಹೊಗಳಿ ನಿಮ್ಮನ್ನು ಮತ್ತೆ ರಾತ್ರಿ ಪಾಳಿಗೆ ಕಳುಹಿಸುವುದು ರೂಢಿ. ನಾನು ನಿಮ್ಮ ನಗುವಿನ ಬಗ್ಗೆ ಮಾತನಾಡಲು ಬಂದಿದ್ದೇನೆ. ಡ್ಯೂಟಿ ರೂಮಿನಲ್ಲಿ ಜೋರಾಗಿ ನಕ್ಕರೆಂದು ಇಬ್ಬರು ಸಿಸ್ಟರುಗಳಿಗೆ ಕೊಟ್ಟ ಮೆಮೊ ಒಂದನ್ನು ಕಳೆದ ತಿಂಗಳು ನೋಡಿದಾಗಿನಿಂದ ಬೇರೆ ವಿಷಯ ತಲೆಗೆ ಹತ್ತಿಲ್ಲ.

ಕನ್ನಡದಲ್ಲಿ ನಗೆಗೂ ವೈದ್ಯಕ್ಕೂ ಹಳೆಯ ನೆಂಟಸ್ತಿಕೆ. 1942ರಲ್ಲಿ ‘ಕೊರವಂಜಿ’ ಪತ್ರಿಕೆಯನ್ನು ಆರಂಭಿಸಿದ ರಾಶಿ, ಅಂದರೆ ಡಾ. ಎಂ. ಶಿವರಾಂ, ಬೆಂಗಳೂರಿನಲ್ಲಿ ರೋಗಿಗಳನ್ನು ನೋಡುತ್ತಲೇ ನಾಡನ್ನು ನಗಿಸಿದರು. ಅವರಿಗೆ ಮೆಮೊ ಕೊಡುವ ಧೈರ್ಯ ಯಾರಿಗೂ ಇರಲಿಲ್ಲವೆಂದು ಕಾಣುತ್ತದೆ.

ನಾನು ಜಿಲ್ಲಾ ಆಸ್ಪತ್ರೆಯೊಂದರಲ್ಲಿ ಹೌಸ್ ಸರ್ಜನ್ ಆಗಿದ್ದಾಗ, ಸಕ್ಕರೆ ಕಾಯಿಲೆಯಿಂದ ಕಾಲ್ಬೆರಳೊಂದನ್ನು ಕಳೆದುಕೊಂಡ ಅಜ್ಜರೊಬ್ಬರು ಮೂರು ದಿನ ಗೋಡೆಗೆ ಮುಖ ಮಾಡಿಯೇ ಮಲಗಿದ್ದರು. ನಾಲ್ಕನೆಯ ದಿನ, ಗಾಯಕ್ಕೆ ಅಂಟಿದ ಗಾಜ್ ಬಟ್ಟೆಯನ್ನು ಸಿಸ್ಟರ್ ಸಲೈನಿನಲ್ಲಿ ನೆನೆಸಿ ಬಿಡಿಸುತ್ತಿದ್ದಾಗ, ‘ಏನವ್ವಾ, ಚಪ್ಪಲಿ ಅಂಗಡಿಯವನು ಇನ್ನು ದುಡ್ಡು ಕಡಿಮೆ ತಗೊಳ್ತಾನಾ?’ ಎಂದು ಕೇಳಿದರು. ಸಿಸ್ಟರ್ ಕೈ ನಿಲ್ಲಿಸದೆ, ‘ಅವನು ಮಾರೋದು ಜೋಡಿ ಲೆಕ್ಕದಲ್ಲಿ ಅಜ್ಜಾ, ಬೆರಳಿನ ಲೆಕ್ಕ ಅವನಿಗೆ ಬರೋದಿಲ್ಲ. ಉಳಿದ ಒಂಬತ್ತನ್ನು ಜೋಪಾನ ಮಾಡಿ, ಬರಿಗಾಲಲ್ಲಿ ಹೊಲಕ್ಕೆ ಇಳೀಬೇಡಿ’ ಎಂದರು. ಅಜ್ಜರು ನಕ್ಕರು, ಅಷ್ಟರಲ್ಲಿ ಗಾಜ್ ಬಿಟ್ಟುಬಂದಿತ್ತು. ಮೂರು ದಿನಗಳಿಂದ ಅದೇ ಉಪದೇಶವನ್ನು ನಾನು ಅವರ ಬೆನ್ನಿಗೆ ಮಾಡುತ್ತಿದ್ದೆ.

ಇಲ್ಲಿ ಮೊದಲು ನಗೆಮಾತಾಡಿದವರು ಅಜ್ಜರು ಎಂಬುದನ್ನು ಗಮನಿಸಬೇಕು. ತನ್ನ ನೋವನ್ನು ಕಂಡು ನಗುವ ಹಕ್ಕು ರೋಗಿಯದು. ಅವರು ಕೊಟ್ಟರೆ ನಮಗದು ಕೈಗಡ.

ಡ್ಯೂಟಿ ರೂಮಿನ ನಗು ಬೇರೆ ಬಗೆಯದು. ಅರ್ಧ ಗಂಟೆ ಎದೆಯೊತ್ತಿಯೂ ಜೀವ ಉಳಿಸಲಾಗದೆ ಒಳಬಂದವರು, ಮುಂದಿನ ಕೇಸಿಗೆ ಕೈ ನಡುಗದಂತೆ ನಿಲ್ಲಬೇಕಾದಾಗ, ರಿಜಿಸ್ಟರನ್ನೋ ಆರಿದ ಚಹಾವನ್ನೋ ತಮ್ಮನ್ನೇ ಗೇಲಿ ಮಾಡಿಕೊಂಡೋ ನಗುತ್ತಾರೆ. ಹೊರಗೆ ಬೆಂಚಿನಲ್ಲಿ ಕುಳಿತ ಬಂಧುಗಳಿಗೆ ಮಾತ್ರ ಕಾರಣ ತಿಳಿಯದೆ ನಗುವಷ್ಟೇ ಕೇಳುತ್ತದೆ. ಮೆಮೊ ಬರೆದವರು ಆ ಬಾಗಿಲಿಗೊಂದು ಚಿಲಕ ಹಾಕಿಸಿದ್ದರೆ ಸಾಕಿತ್ತು. ಆದರೆ ರೋಗಿಯ ಬಡತನ, ಭಾಷೆ, ಮೈಗಾತ್ರ ಹಿಡಿದು ಆಡಿಕೊಳ್ಳುವುದನ್ನು ಚಿಲಕ ಹಾಕಿದ ಕೋಣೆಯಲ್ಲೂ ನಾನು ಒಪ್ಪಲಾರೆ. ಅಲ್ಲಿ ಯಾರೂ ಕೈಗಡ ಕೊಟ್ಟಿಲ್ಲ.

ಸಮಯವಾಯಿತೆಂದು ಅಧ್ಯಕ್ಷರು ಚೀಟಿ ಕಳುಹಿಸಿದ್ದಾರೆ. 2020ರಲ್ಲಿ ಪಿಪಿಇ ಕಿಟ್ಟಿನ ಮೇಲೆ ಹೆಸರಿನೊಡನೆ ನಗುಮುಖ ಬರೆದುಕೊಂಡದ್ದು, ‘ಇವತ್ತು ಕ್ಯಾಶುವಾಲ್ಟಿ ಖಾಲಿ’ ಎಂದವರ ಬಾಯಿ ಮುಚ್ಚಿಸುವ ನಮ್ಮ ಮೂಢನಂಬಿಕೆ, ಇವೆರಡನ್ನೂ ಬಿಡುತ್ತೇನೆ. ಅಜ್ಜರ ಕಥೆಯಲ್ಲಿ ಮಾತ್ರ ಸ್ವಲ್ಪ ಉಳಿದಿದೆ.

ಮಾರನೆಯ ದಿನ ಅವರ ಹೆಂಡತಿ ಊಟ ತಂದಾಗ, ಬುದ್ಧಿವಂತನಾಗಲು ಹೋಗಿ, ಆ ಚಪ್ಪಲಿಯ ಮಾತನ್ನು ನಾನೇ ಅವರಿಗೆ ನಗುನಗುತ್ತಾ ಒಪ್ಪಿಸಿದೆ. ಅವರು ನಗಲಿಲ್ಲ. ಬುತ್ತಿಯ ಮುಚ್ಚಳ ಹಿಡಿದುಕೊಂಡೇ, ‘ಒಂಬತ್ತೂ ಉಳೀತಾವಾ ಡಾಕ್ಟ್ರೇ?’ ಎಂದು ಕೇಳಿದರು. ನಾನು ಸಿಸ್ಟರನ್ನು ಹುಡುಕಿಕೊಂಡು ಹೋದೆ.