ಹಾಳಿ ಕಡಿದ ಮೇಲೆ ಹರಿಯುವ ನೀರು

ಕೇಳುಗರೆಲ್ಲರಿಗೂ ನಮಸ್ಕಾರ. ಜಡ, ಜೀವ, ಆತ್ಮಗಳ ನಡುವಿನ ಗಡಿ ಎಲ್ಲಿದೆ, ಒಂದರಿಂದ ಇನ್ನೊಂದಕ್ಕೆ ಏರುವುದು ಹೇಗೆ ಎಂಬುದು ಇಂದಿನ ಮಾತು.

ಶಿರಸಿ ಸೀಮೆಯ ಕಣಿವೆಗಳಲ್ಲಿ ಮೇಲಿನ ಗದ್ದೆಯ ನೀರನ್ನು ಕೆಳಗಿನ ಗದ್ದೆಗೆ ಬಿಡಬೇಕಾದಾಗ ಯಾವ ರೈತನೂ ಅದನ್ನು ಕೊಡದಲ್ಲಿ ಹೊತ್ತು ಸಾಗಿಸುವುದಿಲ್ಲ. ಗುದ್ದಲಿಯಿಂದ ಹಾಳಿಯನ್ನು, ಅಂದರೆ ಗದ್ದೆಯ ಬದುವನ್ನು, ಒಂದು ಗೇಣಿನಷ್ಟು ಕಡಿದು ಬದಿಗೆ ನಿಲ್ಲುತ್ತಾನೆ, ಮುಂದಿನದನ್ನು ನೀರೇ ನೋಡಿಕೊಳ್ಳುತ್ತದೆ. ಪತಂಜಲಿಯ ಯೋಗಸೂತ್ರದ ನಾಲ್ಕನೆಯ ಪಾದದಲ್ಲಿ, ಒಂದು ಜಾತಿಯ ಜೀವಿ ಇನ್ನೊಂದು ಜಾತಿಯದಾಗಿ ಮಾರ್ಪಡುವುದು ಹೇಗೆ ಎಂಬ ಪ್ರಶ್ನೆ ಬಂದಾಗ ಸೂತ್ರಕಾರನು ತೋರಿಸುವುದು ಇದೇ ರೈತನನ್ನು. ‘ಕ್ಷೇತ್ರಿಕವತ್’, ರೈತನಂತೆ, ಎಂಬುದು ಅವನ ಮಾತು. ಮಾರ್ಪಾಡು ಪ್ರಕೃತಿಯ ತುಂಬಿ ಹರಿಯುವಿಕೆಯಿಂದ ಆಗುತ್ತದೆ. ಧರ್ಮಾಚರಣೆ ಮುಂತಾದ ನಿಮಿತ್ತಗಳು ಪ್ರಕೃತಿಯನ್ನು ತಳ್ಳುವುದಿಲ್ಲ, ತಡೆಯನ್ನು ಮಾತ್ರ ಒಡೆಯುತ್ತವೆ. ಆ ಸೂತ್ರಗಳ ವ್ಯಾಖ್ಯಾನವಾದ ವ್ಯಾಸಭಾಷ್ಯವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮಣ್ಣಿನ ರಸವನ್ನು ಭತ್ತದ ಬೇರಿನೊಳಗೆ ತುರುಕಲು ರೈತನಿಂದಾಗದು, ಅವನು ಕಳೆ ಕೀಳುತ್ತಾನೆ, ರಸ ತಾನಾಗಿ ಬೇರು ಸೇರುತ್ತದೆ ಎನ್ನುತ್ತದೆ. ಗದ್ದೆಗೆ ಇಳಿದು ನೋಡಿದವರಲ್ಲದೆ ಬೇರೆಯವರು ಹೀಗೆ ಬರೆಯಲಾರರು ಎಂದು ನನಗೆ ಅನ್ನಿಸುತ್ತದೆ.

ಜಡ, ಜೀವ, ಆತ್ಮ ಎಂಬ ಮೂರು ಶಬ್ದಗಳನ್ನು ನಾವು ದಿನನಿತ್ಯ ಬಳಸುತ್ತೇವಾದರೂ ಅವುಗಳ ನಡುವಿನ ಗಡಿ ಎಲ್ಲಿದೆ ಎಂಬುದನ್ನು ಕೇಳಿಕೊಳ್ಳುವುದು ಕಡಿಮೆ. ಕಲ್ಲು ಮಣ್ಣು ಒಂದು ಕಡೆ, ಮನಸ್ಸು ಬುದ್ಧಿ ಇನ್ನೊಂದು ಕಡೆ ಎಂದು ಸಾಮಾನ್ಯವಾಗಿ ಭಾವಿಸುತ್ತೇವೆ. ಸಾಂಖ್ಯ ದರ್ಶನದವರು ಗೆರೆ ಎಳೆದದ್ದು ಅಲ್ಲಿ ಅಲ್ಲ. ಅವರ ಎಣಿಕೆಯಲ್ಲಿ ಮೂಲಪ್ರಕೃತಿಯಿಂದ ಮಹತ್ತು ಅಥವಾ ಬುದ್ಧಿ, ಅದರಿಂದ ಅಹಂಕಾರ, ಅಹಂಕಾರದಿಂದ ಮನಸ್ಸು, ಹತ್ತು ಇಂದ್ರಿಯಗಳು ಮತ್ತು ಐದು ತನ್ಮಾತ್ರಗಳು (ಶಬ್ದ, ರೂಪ, ಗಂಧ ಮುಂತಾದವುಗಳ ಸೂಕ್ಷ್ಮರೂಪಗಳು), ತನ್ಮಾತ್ರಗಳಿಂದ ಪಂಚಭೂತಗಳು ಹೊಮ್ಮಿ ಒಟ್ಟು 24 ತತ್ತ್ವಗಳಾಗುತ್ತವೆ; ಇವೆಲ್ಲವೂ ಪ್ರಕೃತಿಯೇ. ಅಂದರೆ ನಮ್ಮ ಸಿಟ್ಟು, ನಮ್ಮ ತರ್ಕ, ‘ನಾನು’ ಎಂಬ ಬಿಗುಮಾನ ಕೂಡ ಕಲ್ಲಿನ ಕಡೆಗೇ ಸೇರುತ್ತವೆ. ಇಪ್ಪತ್ತೈದನೆಯದಾದ ಪುರುಷನು ಬರೀ ನೋಡುವವನು.

ಮನಸ್ಸು ಜಡದ ಕುಲಕ್ಕೆ ಸೇರಿದ್ದೆಂಬುದನ್ನು ಛಾಂದೋಗ್ಯ ಉಪನಿಷತ್ತಿನಲ್ಲಿ ಉದ್ದಾಲಕ ಆರುಣಿಯು ಮಗನ ಮೇಲೆ ಪ್ರಯೋಗ ಮಾಡಿಯೇ ತೋರಿಸುತ್ತಾನೆ. ಶ್ವೇತಕೇತುವಿಗೆ 15 ದಿನ ಅನ್ನ ಬಿಟ್ಟು ನೀರು ಮಾತ್ರ ಕುಡಿದಿರಲು ಹೇಳಿ, ಆಮೇಲೆ ವೇದ ಹೇಳೆಂದರೆ ಅವನಿಗೆ ಒಂದು ಋಕ್ಕೂ ಹೊಳೆಯುವುದಿಲ್ಲ. ಉಂಡು ಬಂದ ಮೇಲೆ ಕೇಳಿದ್ದೆಲ್ಲ ಹೊಳೆಯುತ್ತದೆ. ಅನ್ನದ ಸೂಕ್ಷ್ಮಾಂಶವೇ ಮನಸ್ಸು ಎಂಬುದು ತಂದೆಯ ಪಾಠ. ಅದೇ ತಂದೆ ಇನ್ನೊಂದು ದಿನ ಉಪ್ಪನ್ನು ನೀರಿನಲ್ಲಿ ಹಾಕಿಸಿ, ಮರುದಿನ ಹುಡುಕಿಸಿ, ಮೇಲಿನಿಂದ, ನಡುವಿನಿಂದ, ತಳದಿಂದ ರುಚಿ ನೋಡಿಸುತ್ತಾನೆ: ಕಾಣದಿದ್ದರೂ ಎಲ್ಲೆಡೆ ಇರುವ ‘ಸತ್’, ಎಲ್ಲದರ ಮೂಲವಾದ ಇರವು, ಇದರಂತೆ ಎನ್ನುತ್ತಾನೆ. ಗೋಕರ್ಣದ ಬಳಿಯ ಸಾಣಿಕಟ್ಟೆಯ ಉಪ್ಪಿನಾಗರಗಳ ಆಸುಪಾಸಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವರು ದಿನವೂ ಪಾಠವನ್ನು ತಿರುವಿ ಓದುತ್ತಾರೆ, ನೀರು ಹೋಗಿ ಉಪ್ಪು ಕಾಣುತ್ತದೆ.

ಋಗ್ವೇದಕ್ಕೆ ಸೇರಿದ ಐತರೇಯ ಆರಣ್ಯಕದಲ್ಲಿ ಏಣಿಯಂಥ ಒಂದು ವರ್ಣನೆಯಿದೆ. ಗಿಡಮರಗಳಲ್ಲಿ ರಸ ಮಾತ್ರ ಕಾಣುತ್ತದೆ, ಉಸಿರಾಡುವ ಜೀವಿಗಳಲ್ಲಿ ಚಿತ್ತವೂ ಕಾಣುತ್ತದೆ, ಮನುಷ್ಯನಲ್ಲಿ ಆತ್ಮ ಇನ್ನೂ ಹೆಚ್ಚು ಪ್ರಕಟ; ಏಕೆಂದರೆ ಅವನು ನಾಳೆಯನ್ನು ಬಲ್ಲ, ಸಾಯುವ ದೇಹವನ್ನಿಟ್ಟುಕೊಂಡು ಸಾವಿಲ್ಲದ್ದನ್ನು ಬಯಸುತ್ತಾನೆ. ಇದನ್ನು ಓದಿದೊಡನೆ ಕೆಲವರು ಮತ್ಸ್ಯ, ಕೂರ್ಮ, ವರಾಹಗಳನ್ನು ಸಾಲಾಗಿ ನಿಲ್ಲಿಸಿ, 1859ರಲ್ಲಿ ಡಾರ್ವಿನ್ ಹೇಳಿದ್ದು ನಮಗೆ ಮೊದಲೇ ಗೊತ್ತಿತ್ತು ಎನ್ನುತ್ತಾರೆ. ಆ ಉತ್ಸಾಹ ನನಗೆ ಒಪ್ಪಿಗೆಯಿಲ್ಲ. ಡಾರ್ವಿನ್ನನ ಪ್ರಶ್ನೆ ತಲೆಮಾರುಗಳಲ್ಲಿ ದೇಹಗಳು ಬದಲಾಗುವುದನ್ನು ಕುರಿತದ್ದು; ಆರಣ್ಯಕದ ಪ್ರಶ್ನೆ ಒಂದೇ ಚೈತನ್ಯ ಎಲ್ಲಿ ಎಷ್ಟು ತೆರೆದುಕೊಂಡಿದೆ ಎಂಬುದನ್ನು ಕುರಿತದ್ದು. ಎರಡನ್ನೂ ಬೆರೆಸಿದರೆ ಎರಡೂ ಮಸುಕಾಗುತ್ತವೆ.

ತಡೆ ಒಡೆಯುವ ಮಾತು ಶಿರಸಿಯ ಬಳಿಯ ಸೋಂದೆಯಲ್ಲಿ ಎರಡು ಬಗೆಯಾಗಿ ಕೇಳಿಸುತ್ತದೆ. ಅಲ್ಲಿ ಮಾಧ್ವರ ವಾದಿರಾಜ ಮಠವೂ ಇದೆ, ಅದ್ವೈತಿಗಳ ಸ್ವರ್ಣವಲ್ಲಿ ಮಠವೂ ಇದೆ. ಅದ್ವೈತಿಗೆ ಆವರಣ ಸರಿದಾಗ ಉಳಿಯುವುದು ಒಂದೇ. ಮೇಲೇರಿದವನೂ ಏರಿದ ಮೆಟ್ಟಿಲೂ ಬೇರೆಯಾಗಿ ಇರಲಿಲ್ಲ. ಮಾಧ್ವರಿಗೆ ಜಡ ಜಡವೇ, ಜೀವ ಜೀವವೇ, ಭೇದ ನಿಜ, ಜೀವರಲ್ಲಿ ತಾರತಮ್ಯವೂ ನಿಜ. ಆದರೂ ಮುಕ್ತಿಯೆಂದರೆ ‘ನೈಜಸುಖಾನುಭೂತಿ’, ಜೀವದ ಸ್ವರೂಪದಲ್ಲೇ ಇದ್ದ ಸುಖ ಮುಚ್ಚಳ ತೆರೆದು ಹೊರಬರುವುದು. ಇಷ್ಟು ಜಗಳವಾಡಿದ ಎರಡು ದರ್ಶನಗಳು, ಹೊರಗಿನಿಂದ ಏನನ್ನೂ ತಂದು ತುಂಬಬೇಕಾಗಿಲ್ಲ ಎಂಬಲ್ಲಿ ಮಾತ್ರ ಜೊತೆಯಾಗಿವೆ.

ಹಾಗಾದರೆ ಜಡವನ್ನು ತೊರೆದು ಓಡಬೇಕೇ? 1883ರಲ್ಲಿ, ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಬಳಿ ಬಂದಿದ್ದ ತರುಣ ರವೀಂದ್ರನಾಥ ಟಾಗೋರರು ಈ ಕಡಲ ದಂಡೆಯಲ್ಲೇ ‘ಪ್ರಕೃತಿರ್ ಪ್ರತಿಶೋಧ್’ ಎಂಬ ನಾಟಕವನ್ನು ಬರೆದರು. ಪ್ರಕೃತಿಯನ್ನು ಗೆದ್ದೆನೆಂದುಕೊಂಡ ಸಂನ್ಯಾಸಿಯೊಬ್ಬನನ್ನು ಅನಾಥ ಹುಡುಗಿಯೊಬ್ಬಳ ಪ್ರೀತಿ ಲೋಕಕ್ಕೆ ಮರಳಿ ಎಳೆಯುತ್ತದೆ. ನಾಟಕದ ಹೆಸರಿಗೆ ಪ್ರಕೃತಿಯ ಸೇಡು ಎಂದೇ ಅರ್ಥ.

ತೈತ್ತಿರೀಯ ಉಪನಿಷತ್ತಿನ ಭೃಗು ಆ ಸಂನ್ಯಾಸಿಗಿಂತ ಜಾಣ. ಬ್ರಹ್ಮವನ್ನು ತಿಳಿಸೆಂದು ತಂದೆ ವರುಣನನ್ನು ಕೇಳಿದಾಗ ವರುಣನು ಉತ್ತರ ಕೊಡದೆ, ತಪಸ್ಸಿನಿಂದ ತಿಳಿದುಕೋ ಎನ್ನುತ್ತಾನೆ. ಅನ್ನವೇ ಬ್ರಹ್ಮವೆಂದು ತಿಳಿದು ಮಗ ಮರಳುತ್ತಾನೆ. ಆಮೇಲೆ ಪ್ರಾಣ, ಮನಸ್ಸು, ವಿಜ್ಞಾನ. ಪ್ರತಿ ಸಲವೂ ಅದೇ ಮಾತು, ತಪಸ್ಸು ಮಾಡು. ಆನಂದವೆಂದು ತಿಳಿದ ಮೇಲೆ ಅವನು ಕೇಳಲು ಬರುವುದಿಲ್ಲ. ಅಲ್ಲಿಗೆ ಮುಗಿಯಬೇಕಿತ್ತು, ಆದರೆ ಉಪನಿಷತ್ತು ಕೂಡಲೇ ಕೆಳಗಿಳಿದು, ಅನ್ನವನ್ನು ನಿಂದಿಸಬೇಡ, ಅನ್ನವನ್ನು ಬಿಸಾಡಬೇಡ, ಅನ್ನವನ್ನು ಹೆಚ್ಚಿಸು, ಮನೆಗೆ ಬಂದವರನ್ನು ತಿರುಗಿಸಿ ಕಳಿಸಬೇಡ ಎನ್ನುತ್ತದೆ. ಕೊನೆಯಲ್ಲಿ ಅನ್ನದಿಂದ ಆನಂದದವರೆಗಿನ ಈ ಐದು ಕೋಶಗಳನ್ನೂ ದಾಟಿದವನು ಲೋಕಲೋಕಗಳಲ್ಲಿ ಸಂಚರಿಸುತ್ತ ಸಾಮಗಾನ ಮಾಡುತ್ತಾನೆ. ಹಾ ವು, ಹಾ ವು, ಹಾ ವು ಎಂದು ಬೆರಗಿನಲ್ಲಿ ತೊಡಗುವ ಆ ಹಾಡಿನ ಮೊದಲ ಮಾತು ‘ಅಹಮನ್ನಮ್’, ನಾನು ಅನ್ನ.