ಫೈಟರ್ ಜೆಟ್ ನಮ್ಮ ಕಾಫಿ ಕಣದಲ್ಲಿ ಇಳಿಯಬಹುದಾ?

[ದೃಶ್ಯ: ಚಿಕ್ಕಮಗಳೂರು ಹತ್ತಿರದ ರೊಬಸ್ಟಾ ತೋಟ. ಸ್ಪ್ರಿಂಕ್ಲರ್ ಜೆಟ್ ತಿರುಗುತ್ತಿದೆ.]

ನಮಸ್ಕಾರ. ಕಾಫಿ ಹೂ ಅರಳಿಸೋ ಹೂಮಳೆ ಕೈಕೊಟ್ಟ ವರ್ಷ ತೋಟಕ್ಕೆ ಹೀಗೆ ನೀರು ಕೊಡ್ತಾರೆ. ಸ್ಟ್ಯಾಂಡ್ ಇಲ್ಲದೆ ಈ ಪೈಪನ್ನು ಕೈಯಲ್ಲಿ ಹಿಡಿದು ಮೋಟಾರ್ ಆನ್ ಮಾಡಿದ್ರೆ ನೀರು ಮುಂದಕ್ಕೆ ಚಿಮ್ಮುತ್ತೆ, ಪೈಪು ನಿಮ್ಮನ್ನ ಹಿಂದಕ್ಕೆ ತಳ್ಳುತ್ತೆ. ಅದೇ ಪೈಪನ್ನು ನೆಲಕ್ಕೆ ತಿರುಗಿಸಿದ್ರೆ ಕೈ ಮೇಲಕ್ಕೇಳುತ್ತೆ. ಹ್ಯಾರಿಯರ್ ಅನ್ನೋ ಫೈಟರ್ ಜೆಟ್ ನಿಂತಲ್ಲೇ ಮೇಲೇಳೋದು ಇದೇ ಬಲದಿಂದ.

[ದೃಶ್ಯ: ಎಂಜಿನ್ನಿನ ರೇಖಾಚಿತ್ರ]

ಇದರ ಎಂಜಿನ್ ಪೆಗಾಸಸ್. ಎರಡು ಪಕ್ಕದಲ್ಲೂ ಎರಡೆರಡು, ಒಟ್ಟು ನಾಲ್ಕು ನಾಜಲ್, ಅಂದ್ರೆ ಗಾಳಿ ಹೊರಗೆ ಚಿಮ್ಮೋ, ತಿರುಗಿಸಬಹುದಾದ ಬಾಯಿಗಳು. ಮುಂದಿನ ಎರಡರಲ್ಲಿ ಫ್ಯಾನ್ ತಳ್ಳಿದ ಗಾಳಿ ಬರುತ್ತೆ, ಸುಮಾರು 150 ಡಿಗ್ರಿ ಸೆಲ್ಸಿಯಸ್. ಹಿಂದಿನ ಎರಡರಲ್ಲಿ ಉರಿದ ಅನಿಲ, 600 ಡಿಗ್ರಿಗೂ ಮೇಲೆ. ನಾಲ್ಕೂ ಒಟ್ಟಿಗೇ ತಿರುಗಬೇಕು, ಒಂದು ಹಿಂದೆ ಬಿದ್ದರೂ ವಿಮಾನ ವಾಲುತ್ತೆ. ಹಾಗಾಗಿ ಒಂದೇ ಏರ್ ಮೋಟಾರ್, ಅದರಿಂದ ಶಾಫ್ಟು, ಚೈನುಗಳ ಮೂಲಕ ನಾಲ್ಕಕ್ಕೂ ಜೋಡಣೆ. ಹೌದು, ಬೈಕಿನಲ್ಲಿರೋ ಥರದ ಚೈನೇ. ಪೈಲಟ್ ಕೈಯಲ್ಲಿ, ಎಂಜಿನ್ ಬಲ ಏರಿಸಿ ಇಳಿಸೋ ಥ್ರಾಟಲ್ ಪಕ್ಕ ಒಂದೇ ಒಂದು ಹೆಚ್ಚುವರಿ ಲಿವರ್. ಅದನ್ನ ಎಳೆದ್ರೆ ನಾಜಲ್‌ಗಳು ನೆಲ ನೋಡ್ತವೆ, ಇನ್ನೂ ಎಳೆದ್ರೆ ನೆಟ್ಟಗಿನದಕ್ಕಿಂತ ಸ್ವಲ್ಪ ಮುಂದಕ್ಕೇ ವಾಲಿ, ಅಂದ್ರೆ ಹಿಂದಕ್ಕೆ ನೋಡೋ ಸ್ಥಾನದಿಂದ ಅಳೆದ್ರೆ 98 ಡಿಗ್ರಿ ಕೋನ ದಾಟಿ, ಬ್ರೇಕ್ ಹಾಕ್ತವೆ.

ನಿಂತಲ್ಲೇ ತೇಲುವಾಗ ರೆಕ್ಕೆಯ ಮೇಲೆ ಗಾಳಿ ಹರಿಯಲ್ಲ, ಅಂದ್ರೆ ವಿಮಾನವನ್ನ ತಿರುಗಿಸೋ, ವಾಲಿಸೋ ಹಲಗೆಗಳಾದ ರಡ್ಡರ್, ಏಲರಾನ್ ಯಾವುದೂ ಕೆಲಸಕ್ಕೆ ಬರಲ್ಲ. ಆದ್ದರಿಂದ ಎಂಜಿನ್ನಿನಲ್ಲಿ ಗಾಳಿಯನ್ನ ಒತ್ತೋ ಕಂಪ್ರೆಸರಿನಿಂದಲೇ ಸ್ವಲ್ಪ ಗಾಳಿ ಕದ್ದು, ಪೈಪುಗಳಲ್ಲಿ ಮೂತಿ, ಬಾಲ, ಎರಡೂ ರೆಕ್ಕೆ ತುದಿಗೆ ಒಯ್ದು ಅಲ್ಲಿಂದ ಊದಿಸ್ತಾರೆ. ವಿಮಾನ ನೆಟ್ಟಗೆ ನಿಲ್ಲೋದು ಆ ಊದಿನಿಂದ.

[ದೃಶ್ಯ: ಮುಳ್ಳಯ್ಯನಗಿರಿ ಕಡೆಯ ಬೆಟ್ಟ]

ಈಗ ತೂಕದ ಲೆಕ್ಕ. ನನ್ನ ಪ್ರಕಾರ ಇಡೀ ವಿಷಯ ಇರೋದೇ ಇಲ್ಲಿ. ನಮ್ಮ ನೌಕಾಪಡೆ 1983ರಿಂದ 2016ರವರೆಗೆ ಹಾರಿಸಿದ ಸೀ ಹ್ಯಾರಿಯರ್‌ನ ಎಂಜಿನ್ ಎತ್ತಬಲ್ಲದ್ದು ಸುಮಾರು 9,750 ಕೆ.ಜಿ. ಖಾಲಿ ವಿಮಾನವೇ ಆರು ಟನ್ ಆಸುಪಾಸು. ಉಳಿದದ್ದರಲ್ಲೇ ಇಂಧನ, ಪೈಲಟ್, ಕ್ಷಿಪಣಿ ಎಲ್ಲಾ ಬರಬೇಕು. ಅದೂ ಸಮುದ್ರ ಮಟ್ಟದಲ್ಲಿ. ಚಿಕ್ಕಮಗಳೂರು ಇರೋದು ಹೆಚ್ಚುಕಡಿಮೆ 1,090 ಮೀಟರ್ ಎತ್ತರದಲ್ಲಿ, ಇಲ್ಲಿ ಗಾಳಿಯ ಸಾಂದ್ರತೆ ಹತ್ತನೇ ಒಂದು ಪಾಲು ಕಡಿಮೆ. ಎಂಜಿನ್ನಿನ ಬಲವೂ ಸುಮಾರು ಅಷ್ಟೇ ಇಳಿಯುತ್ತೆ. ಹತ್ತಿರ ಹತ್ತಿರ ಒಂದು ಟನ್ ಹೋಯ್ತು! ಬಿಸಿಲು ಏರಿದ್ರೆ ಇನ್ನೂ ನಷ್ಟ. ಅದಕ್ಕೇ ಎಂಜಿನ್ನಿಗೆ ನೀರು ಚಿಮ್ಮಿಸೋ ವ್ಯವಸ್ಥೆ ಇದೆ. ನೀರು ಒಳಗಿನ ಬಿಸಿ ತಗ್ಗಿಸುತ್ತೆ, ಆಗ ಇನ್ನಷ್ಟು ಇಂಧನ ಉರಿಸಬಹುದು. ಟ್ಯಾಂಕಿನಲ್ಲಿರೋದು ಸುಮಾರು 227 ಲೀಟರ್, ಒಂದೂವರೆ ನಿಮಿಷದಲ್ಲಿ ಖಾಲಿ. ಅಷ್ಟರೊಳಗೆ ಚಕ್ರ ನೆಲ ಮುಟ್ಟಿರಬೇಕು.

ಹೀಗಾಗಿ ಪೂರ್ತಿ ಹೊರೆ ಹೊತ್ತು ನಿಂತಲ್ಲೇ ಏಳೋದು ಆಗದ ಕೆಲಸ. ಐಎನ್‌ಎಸ್ ವಿರಾಟ್ ವಿಮಾನವಾಹಕ ನೌಕೆಯಲ್ಲಿ ಮುಂತುದಿ ಮೇಲಕ್ಕೆ ಬಾಗಿದ್ದ ಡೆಕ್ ಮೇಲೆ ಓಡಿಸಿ, ತುದಿಯಲ್ಲಿ ನಾಜಲ್ ಅರ್ಧಂಬರ್ಧ ಕೆಳಗೆ ಮಾಡಿ ಹಾರಿಸ್ತಿದ್ರು. ಭಾರದ ಒಂದು ಪಾಲನ್ನ ರೆಕ್ಕೆ ಹೊರುತ್ತೆ. ವಾಪಸ್ ಬರುವಾಗ ಇಂಧನ ಕರಗಿರುತ್ತೆ, ಆಗ ನೆಟ್ಟಗೆ ಇಳಿಯೋದು ಸಾಧ್ಯ.

[ದೃಶ್ಯ: ವಿಂಡ್‌ಸ್ಕ್ರೀನ್ ಮುಂದಿನ ಪುಟ್ಟ ಗಾಳಿಸೂಚಿ, ಹತ್ತಿರದಿಂದ]

ಈ ಪುಟ್ಟ ಗಾಳಿಸೂಚಿಯನ್ನ ನೋಡಿ. ಎಂಜಿನ್ ಸೆಕೆಂಡಿಗೆ ಸುಮಾರು 200 ಕೆ.ಜಿ. ಗಾಳಿ ನುಂಗುತ್ತೆ. ನಿಧಾನ ವೇಗದಲ್ಲಿ ಮೂತಿ ಗಾಳಿಗೆ ಸ್ವಲ್ಪ ಅಡ್ಡವಾದ್ರೂ ಸಾಕು, ಆ ನುಂಗೋ ಗಾಳಿಯೇ ಮೂತಿಯನ್ನ ಇನ್ನೂ ಅಡ್ಡಕ್ಕೆ ಎಳೆಯುತ್ತೆ, ಒಂದು ರೆಕ್ಕೆ ಎದ್ದು ವಿಮಾನ ಮಗುಚುತ್ತೆ. ತಿದ್ದೋಕೆ ಸಮಯ ಸಿಗಲ್ಲ. ಪೈಲಟ್ ಈ ಗಾಳಿಸೂಚಿಯನ್ನ ನಡುವಿನಲ್ಲೇ ಇಟ್ಟುಕೊಂಡು ಬರಬೇಕು.

ಹೀಗೇ ನಿಂತಲ್ಲೇ ಇಳಿಯೋ ಹೊಸ ಫೈಟರ್ ಜೆಟ್ ಎಫ್-35ಬಿ ದಾರಿ ಬೇರೆ. ಪೈಲಟ್ ಬೆನ್ನ ಹಿಂದೆ 1.27 ಮೀಟರ್ ಅಗಲದ ಫ್ಯಾನ್ ನಿಂತಿದೆ, ಎಂಜಿನ್ನಿನಿಂದ ಶಾಫ್ಟ್ ಮತ್ತು ಕ್ಲಚ್ ಮೂಲಕ ತಿರುಗಿ ಅದೊಂದೇ ಒಂಬತ್ತು ಟನ್ ಎತ್ತುತ್ತೆ. ಹಿಂದಿನ ಕೊಳವೆ ಮೂರು ಬೇರಿಂಗ್ ಮೇಲೆ ತಿರುಚಿಕೊಂಡು ಎರಡೂವರೆ ಸೆಕೆಂಡಿನಲ್ಲಿ ನೆಲಕ್ಕೆ ಬಾಗುತ್ತೆ. ವಾಲದಂತೆ ನೋಡಿಕೊಳ್ಳೋದು ಕಂಪ್ಯೂಟರ್.

[ದೃಶ್ಯ: ಕಾಫಿ ಒಣಗಿಸೋ ಕಾಂಕ್ರೀಟ್ ಕಣ]

ಇನ್ನು ನಮ್ಮ ಕಣ. ಜಾಗ ಸಾಲುತ್ತೆ. ಆದ್ರೆ ಕಾಂಕ್ರೀಟಿನೊಳಗಿನ ತೇವ ಎಂಜಿನ್ನಿನಿಂದ ಚಿಮ್ಮೋ ಅನಿಲದ ಬಿಸಿಗೆ ಹಬೆಯಾಗಿ, ಮೇಲ್ಪದರ ಚಕ್ಕೆ ಚಕ್ಕೆಯಾಗಿ ಸಿಡಿಯುತ್ತೆ. ಆ ಚಕ್ಕೆ, ಸುತ್ತಲಿನ ಸಿಲ್ವರ್ ಓಕ್ ಎಲೆ, ಎಲ್ಲಾ ಎಂಜಿನ್ ಬಾಯಿಗೆ. ನೆಲಕ್ಕೆ ಬಡಿದು ಎದ್ದ ಬಿಸಿ ಅನಿಲವನ್ನೂ ಅದೇ ಎಂಜಿನ್ ಎಳ್ಕೊಂಡ್ರೆ, ಅತಿ ಬೇಕಾದ ಗಳಿಗೆಯಲ್ಲೇ ಬಲ ಕುಸಿಯುತ್ತೆ. ಅದಕ್ಕೇ ಹ್ಯಾರಿಯರ್ ಪೈಲಟ್ ನೆಲದ ಹತ್ತಿರ ತಡೆದು ನಿಲ್ಲಲ್ಲ, ಗಟ್ಟಿಯಾಗಿಯೇ ಇಳಿಸ್ತಾರೆ. ಚಕ್ರ ತಾಗಿದ ಕೂಡಲೇ ಥ್ರಾಟಲ್ ಪೂರ್ತಿ ಮುಚ್ಚಿ, ನಾಜಲ್‌ಗಳನ್ನ ಹಿಂದಕ್ಕೆ ತಿರುಗಿಸ್ತಾರೆ.