ಇಬ್ಬರು ಗುರುಗಳ ಒಬ್ಬ ಶಿಷ್ಯ: ಜನರಲ್ ಲೋತ್

ಎಲ್ಲರಿಗೂ ನಮಸ್ಕಾರ.

ಕುದುರೆಯ ಬಾಯಲ್ಲಿ ಒಂದು ಕಬ್ಬಿಣದ ತುಂಡು ಇರುತ್ತದೆ. ಅದೇ ಕಡಿವಾಣ. ಅದಕ್ಕೆ ಕಟ್ಟಿದ ಲಗಾಮು ಸವಾರನ ಕೈಯಲ್ಲಿ. ಕೈ ಎಳೆದರೆ ಆ ಕಬ್ಬಿಣ ನಾಲಿಗೆಯನ್ನೂ ಒಸಡನ್ನೂ ಒತ್ತುತ್ತದೆ. ಹಾಗಾದರೆ ಆ ಕೈ ಏನು ಮಾಡಬೇಕು, ಏನು ಮಾಡಬಾರದು? ಇಂಥ ಪ್ರಶ್ನೆಗಳಲ್ಲೇ ಬದುಕು ಕಳೆದ ಒಬ್ಬ ರಾವುತರ ಬಗ್ಗೆ ಹೇಳಲು ಬಂದಿದ್ದೇನೆ. ರಾವುತ ಅನ್ನುವುದು ನಮ್ಮ ಹಳೆಯ, ಚೆಂದದ ಪದ. ನಾವು ಅದನ್ನು ಮರೆಯಬಾರದಿತ್ತು.

ಅವರ ಹೆಸರು ಅಲೆಕ್ಸಿ ಲೋತ್. ಹುಟ್ಟಿದ್ದು 1825ರಲ್ಲಿ, ಫ್ರಾನ್ಸಿನ ಪೂರ್ವಕ್ಕಿರುವ ಲ್ಯೂನೆವಿಲ್ ಊರಿನಲ್ಲಿ. ಅದು ಕುದುರೆ ಪಡೆಯ ಊರು. ತಂದೆಯೂ ಅದೇ ಪಡೆಯಲ್ಲಿದ್ದವರು. ಗೊರಸಿನ ಸದ್ದು ಕೇಳುತ್ತಲೇ ಬೆಳೆದ ಹುಡುಗ ಇನ್ನೇನಾಗಬೇಕು, ಅಲ್ವಾ? 1842ರಲ್ಲಿ ಸೇನ್ ಸಿರ್ ಸೈನಿಕ ಶಾಲೆ ಸೇರಿದರು. ಆಮೇಲೆ ಲ್ವಾರ್ ನದಿಯ ದಡದ ಸೊಮ್ಯೂರ್‌ಗೆ ಬಂದರು. ಫ್ರೆಂಚ್ ಕುದುರೆ ಪಡೆಗೆ ಸವಾರಿ ಕಲಿಸುವ ಶಾಲೆ ಇದ್ದದ್ದು ಅಲ್ಲೇ.

ಆ ಕಾಲದಲ್ಲಿ ಫ್ರಾನ್ಸಿನ ಸವಾರರು ಎರಡು ಪಂಗಡವಾಗಿ ಒಡೆದಿದ್ದರು. ಒಂದು ಕಡೆ ಫ್ರಾಂಸ್ವಾ ಬೋಶೆ. ಸರ್ಕಸ್ಸಿನಲ್ಲಿ ಸವಾರಿ ತೋರಿಸುತ್ತಿದ್ದವರು. ಕುದುರೆ ಹಟ ಮಾಡುವುದು ದವಡೆಯಿಂದ, ಕುತ್ತಿಗೆಯಿಂದ. ಅಲ್ಲಿನ ಬಿಗಿ ಬಿಡಿಸಿದರೆ ಇಡೀ ಮೈ ಮಾತು ಕೇಳುತ್ತದೆ ಅನ್ನುವುದು ಅವರ ನಂಬಿಕೆ. ನಿಂತಲ್ಲೇ ದವಡೆ ಸಡಿಲಿಸುವ, ಕುತ್ತಿಗೆ ಬಾಗಿಸುವ ವ್ಯಾಯಾಮಗಳನ್ನು ಮಾಡಿಸುತ್ತಿದ್ದರು. ಇನ್ನೊಂದು ಕಡೆ ಕೌಂಟ್ ದೋರ್. ವರ್ಸೇಲ್ಸ್ ಅರಮನೆಯ ಸವಾರಿ ಶಾಲೆಯಲ್ಲಿ ಪಳಗಿದವರು. ಕುದುರೆ ಹುಟ್ಟಿದ್ದು ಬಯಲಿಗೆ, ಅದನ್ನು ಮುಂದಕ್ಕೆ ಓಡಿಸಿ ಅನ್ನುವವರು. 1840ರ ದಶಕದಲ್ಲಿ ಸೇನೆ ಬೋಶೆ ಪದ್ಧತಿಯನ್ನು ಪರೀಕ್ಷಿಸಿ ನೋಡಿ ಕೈಬಿಟ್ಟಿತು. 1847ರಲ್ಲಿ ಸೊಮ್ಯೂರಿನ ಮುಖ್ಯ ಸವಾರಿ ಗುರುವಾಗಿ ಬಂದವರು ದೋರ್. ಜಗಳ ಎಷ್ಟು ಜೋರಾಗಿತ್ತೆಂದರೆ, ಒಬ್ಬರನ್ನು ಮೆಚ್ಚಿದವರು ಇನ್ನೊಬ್ಬರನ್ನು ಬೈಯಲೇಬೇಕಿತ್ತು.

ಲೋತ್ ಇಬ್ಬರ ಬಳಿಯೂ ಕಲಿತರು.

1849ರಲ್ಲಿ ಲಿಯೋನ್ ಊರಿನಲ್ಲಿದ್ದಾಗ ಬೋಶೆ ಸಿಕ್ಕರು. ಯುವ ಅಧಿಕಾರಿ ಮನಸಾರೆ ಶಿಷ್ಯನಾದರು. ಆಮೇಲೆ ಸೊಮ್ಯೂರಿನಲ್ಲಿ ದೋರ್ ಬಳಿ ಕಲಿತರು. ಎರಡು ಪಾಠಗಳನ್ನು ಸುಮ್ನೆ ಕಲಸಿ ಮೂರನೆಯದೊಂದು ಮಾಡಲಿಲ್ಲ. ನನಗೆ ಅವರಲ್ಲಿ ಜಾಸ್ತಿ ಇಷ್ಟವಾಗುವುದು ಇದೇ. 1864ರಲ್ಲಿ ಅವರೇ ಸೊಮ್ಯೂರಿನ ಮುಖ್ಯ ಸವಾರಿ ಗುರುವಾದರು. 1870ರವರೆಗೂ ಆ ಜಾಗದಲ್ಲಿದ್ದರು. ಆಗ ಶಾಲೆಯಲ್ಲಿ ಕಲಿಸಿದ್ದು ದೋರ್ ದಾರಿಯನ್ನು. ತಮ್ಮ ಸ್ವಂತ ಕುದುರೆಗಳನ್ನು ಪಳಗಿಸುವಾಗ ಮಾತ್ರ ಬೋಶೆ ಹೇಳಿಕೊಟ್ಟ ಸೂಕ್ಷ್ಮಗಳಿಗೆ ಕೈ ಹಾಕುತ್ತಿದ್ದರು.

ಇದನ್ನು ಎರಡು ನಾಲಿಗೆ ಅಂತ ಯಾರಾದರೂ ಅನ್ನಬಹುದು. ನಾನು ಒಪ್ಪುವುದಿಲ್ಲ. ಸೈನಿಕನಿಗೆ ಕಲಿಯಲು ಸಿಗುವ ಸಮಯ ಕಡಿಮೆ. ಅವನ ಒಂದು ಕೈಯಲ್ಲಿ ಕತ್ತಿ, ಎದುರಿಗೆ ಹಳ್ಳ, ಬೇಲಿ, ಗುಂಡು. ಅವನ ಕುದುರೆ ಮೊದಲು ಮುಂದಕ್ಕೆ ಹೋಗಬೇಕು. ದವಡೆ ಸಡಿಲಿಸುವ ಕೆಲಸಕ್ಕೆ ವರ್ಷಗಟ್ಟಲೆ ಪಳಗಿದ ಬೆರಳು ಬೇಕು. ಅರೆಬರೆ ಕಲಿತವನ ಕೈಗೆ ಅದು ಸಿಕ್ಕರೆ ಕುದುರೆ ಹಿಂದಕ್ಕೆ ಸರಿಯುವುದನ್ನು ಕಲಿಯುತ್ತದೆ. ತನಗೆ ಪ್ರಾಣದಷ್ಟು ಇಷ್ಟವಾದ ವಿದ್ಯೆಯನ್ನು ಶಿಷ್ಯನ ಮೇಲೆ ಹೇರದೆ ಇರುವುದಕ್ಕೆ ದೊಡ್ಡ ಸಂಯಮ ಬೇಕು.

ಬೋಶೆಯೂ ಬದಲಾಗುತ್ತಿದ್ದರು. 1855ರಲ್ಲಿ ಪ್ಯಾರಿಸ್ಸಿನ ಸರ್ಕಸ್ಸಿನಲ್ಲಿ ದೊಡ್ಡ ತೂಗುದೀಪವೊಂದು ಅವರ ಮೇಲೆ ಬಿತ್ತು. ಕಾಲು ಜಜ್ಜಿಹೋಯಿತು. ಆಮೇಲೆ ಜನರ ಮುಂದೆ ಸವಾರಿ ಮಾಡಲೇ ಇಲ್ಲ. ಕಾಲಿನ ಬಲ ಹೋದ ಮೇಲೆ ಅವರ ಪದ್ಧತಿ ಇನ್ನಷ್ಟು ಮೃದುವಾಯಿತು. ಕೈ ಕೆಲಸ ಮಾಡುವಾಗ ಕಾಲು ಸುಮ್ಮನಿರಲಿ, ಕಾಲು ಕೆಲಸ ಮಾಡುವಾಗ ಕೈ ಸುಮ್ಮನಿರಲಿ ಎಂದರು. ಕಾಲಿನಿಂದ ಒತ್ತಿದರೆ ಹೋಗು ಅಂತ ಅರ್ಥ, ಲಗಾಮು ಹಿಡಿದರೆ ನಿಧಾನ ಅಂತ ಅರ್ಥ. ಎರಡನ್ನೂ ಒಟ್ಟಿಗೆ ಮಾಡಿದರೆ ಸ್ಕೂಟರಿನ ಆಕ್ಸಿಲರೇಟರನ್ನೂ ಬ್ರೇಕನ್ನೂ ಒಟ್ಟಿಗೆ ಹಿಡಿದ ಹಾಗೆ. ಸ್ಕೂಟರಿಗೆ ನೋವಾಗುವುದಿಲ್ಲ. ಕುದುರೆಗೆ ಆಗುತ್ತದೆ.

1873ರಲ್ಲಿ ಬೋಶೆ ಸಾಯುವ ಸ್ಥಿತಿಯಲ್ಲಿದ್ದರು. ಲೋತ್ ನೋಡಲು ಹೋದರು. ಮುದುಕರು ಶಿಷ್ಯನ ಕೈ ಹಿಡಿದು, ಲಗಾಮು ಹಿಡಿದ ಕೈ ಹೇಗಿರುತ್ತದೋ ಹಾಗೆ ಇಟ್ಟರು. ಅದು ಅಲುಗದಂತೆ ಒತ್ತಿ ಹಿಡಿದು, ‘ಯಾವಾಗಲೂ ಹೀಗೆ’ ಎಂದರು. ಆಮೇಲೆ ಅದೇ ಕೈಯನ್ನು ಶಿಷ್ಯನ ಎದೆಯ ಕಡೆಗೆ ಎಳೆದು, ‘ಯಾವತ್ತೂ ಹೀಗಲ್ಲ’ ಎಂದರು. ಇಷ್ಟೇ ಪಾಠ. ಕೈ ನಿಲ್ಲಬಹುದು, ಎಳೆಯಬಾರದು. ಸಾಯುವ ಹೊತ್ತಿನಲ್ಲೂ ಆ ಮನುಷ್ಯನಿಗೆ ನೆನಪಾದದ್ದು ಕುದುರೆಯ ಬಾಯಿ ನೋಡಿ.

ಅಷ್ಟರಲ್ಲಿ ಫ್ರಾನ್ಸ್ ಪ್ರಷ್ಯಾದ ಎದುರು ಸೋತಿತ್ತು. ಕುದುರೆ ಪಡೆ ಎಲ್ಲವನ್ನೂ ಮತ್ತೆ ಕಟ್ಟಬೇಕಿತ್ತು. 1876ರ ಹೊಸ ಕುದುರೆ ಪಡೆ ನಿಯಮಾವಳಿ ತಯಾರಿಸಿದವರಲ್ಲಿ ಲೋತ್ ಕೂಡ ಇದ್ದರು. 1875ರಿಂದ 1880ರವರೆಗೆ ಇಡೀ ಸೊಮ್ಯೂರ್ ಶಾಲೆ ಅವರ ಕೈಯಲ್ಲಿತ್ತು.

ಸವಾರಿ ಕಲಿಯುವವರು ಇವತ್ತಿಗೂ ಹೇಳುವ ಅವರ ಮೂರು ಮಾತುಗಳಿವೆ: ಶಾಂತ, ಮುಂದಕ್ಕೆ, ನೇರ. ಇಲ್ಲಿ ಕ್ರಮವೇ ಮುಖ್ಯ. ಹೆದರಿದ ಕುದುರೆ ಏನನ್ನೂ ಕಲಿಯುವುದಿಲ್ಲ, ಹಾಗಾಗಿ ಮೊದಲು ಶಾಂತ. ಕಾಲು ಸೋಕಿದ ಕೂಡಲೇ ಹೊರಡುವ ಆಸೆ ಅದರಲ್ಲಿ ಹುಟ್ಟಬೇಕು, ಅದು ಮುಂದಕ್ಕೆ. ಕೊನೆಯದೇ ಕಷ್ಟದ್ದು. ನಮ್ಮಲ್ಲಿ ಬಲಗೈ, ಎಡಗೈ ಇರುವ ಹಾಗೆ ಕುದುರೆಗೂ ಒಂದು ಕಡೆಗೆ ಬಾಗುವ ಅಭ್ಯಾಸ ಇರುತ್ತದೆ. ಹಿಂಗಾಲು ಮುಂಗಾಲಿನ ದಾರಿಯಲ್ಲೇ ಬೀಳುವ ಹಾಗೆ ತಿದ್ದಬೇಕು. ಮುಂದಕ್ಕೆ ಹೋಗದ ಕುದುರೆಯನ್ನು ನೇರ ಮಾಡಲು ಹೋದರೆ ಆಗುವುದಿಲ್ಲ. ಸೈಕಲ್ ಕಲಿತವರಿಗೆ ಇದು ತಟ್ಟನೆ ಹೊಳೆಯುತ್ತದೆ: ನಿಂತ ಸೈಕಲ್ಲೇ ಓಲಾಡುವುದು.

ಇಷ್ಟೆಲ್ಲ ಬಲ್ಲವರು ಬದುಕಿರುವಾಗ ಈ ಬಗ್ಗೆ ಒಂದು ಪುಸ್ತಕವನ್ನೂ ಹೊರತರಲಿಲ್ಲ. ಬರೆದಿಟ್ಟರು, ಅಷ್ಟೇ. 1904ರ ಫೆಬ್ರವರಿಯಲ್ಲಿ ಹುಟ್ಟೂರು ಲ್ಯೂನೆವಿಲ್‌ನಲ್ಲೇ ತೀರಿಕೊಂಡರು. ಅವರ ನೆನಪುಗಳು 1905ರಲ್ಲಿ ಅಚ್ಚಾದವು. ಸವಾರಿಯ ಪ್ರಶ್ನೆಗಳ ಬಗ್ಗೆ ಬರೆದ ಚಿಕ್ಕ ಪುಸ್ತಕ 1906ರಲ್ಲಿ ಬಂತು. ಬೋಶೆ ಆ ದಿನ ಹಾಸಿಗೆಯಲ್ಲಿ ಮಲಗಿ ಹೇಳಿಕೊಟ್ಟ ಪಾಠ ನಮಗೆ ಸಿಕ್ಕಿದ್ದು ಆ ನೆನಪುಗಳಿಂದಲೇ.